ಸಣ್ಣ ಡಿಕ್ಕಿ: ವಿಮಾ ಕಂಪನಿಗೆ ತಿಳಿಸಬೇಕೆ, ಕೈಯಿಂದ ಖರ್ಚು ಹಾಕಿ ಮುಗಿಸಬೇಕೆ?

ನಿಧಾನಗತಿ

ವಾಹನಗಳ ಸಾಲು ಮೆಲ್ಲಗೆ ಮುಂದೆ ಸರಿಯುತ್ತಿದ್ದಾಗ ನನ್ನ ಕಾರಿನ ಮುಂದಿನ ಬಂಪರ್ ಎದುರಿಗಿದ್ದ ಕಾರಿನ ಹಿಂದಿನ ಬಂಪರಿಗೆ ತಗುಲಿತು. ವೇಗ ಮನುಷ್ಯ ನಡೆಯುವಷ್ಟೇ ಇದ್ದಿರಬಹುದು. ಯಾರಿಗೂ ಪೆಟ್ಟಾಗಲಿಲ್ಲ. ಅವರ ಬಂಪರಿನ ಮೇಲೆ ಅಂಗೈ ಅಗಲದ ಗೀರು ಬಿದ್ದಿದೆ. ನನ್ನ ಕಾರಿನಲ್ಲಿ ನಂಬರ್ ಪ್ಲೇಟಿನ ಪಕ್ಕದ ಬಣ್ಣ ಬಿರುಕು ಬಿಟ್ಟಿದೆ. ಇಬ್ಬರೂ ಫೋಟೊ ತೆಗೆದುಕೊಂಡೆವು, ಫೋನ್ ನಂಬರ್ ಕೊಟ್ಟು ಪಡೆದೆವು. ಗ್ಯಾರೇಜಿನಲ್ಲಿ ತೋರಿಸಿ ಹೇಳುತ್ತೇನೆ ಎಂದು ಅವರು ಹೊರಟರು.

ನನ್ನದು ಸ್ವಂತ ಕಾರಿನ ಹಾನಿ ಮತ್ತು ಥರ್ಡ್ ಪಾರ್ಟಿ (ಇತರರಿಗಾಗುವ ಹಾನಿಯ) ಹೊಣೆ ಎರಡನ್ನೂ ಒಳಗೊಂಡ ಪಾಲಿಸಿ. ಇದುವರೆಗೆ ಒಂದು ಕ್ಲೇಮನ್ನೂ ಮಾಡಿಲ್ಲವಾದ್ದರಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಶೇ 50ರಲ್ಲಿದೆ. ಈ ಘಟನೆಯನ್ನು ಕಂಪನಿಗೆ ತಿಳಿಸಿದರೆ ಆ ಬೋನಸ್ ಕೈತಪ್ಪುತ್ತದೆಯೇ ಎಂಬ ಆತಂಕ ಒಂದು ಕಡೆ. ತಿಳಿಸದೆ ಸುಮ್ಮನಿದ್ದು, ತಿಂಗಳ ನಂತರ ಆ ಕಾರಿನವರು ದೊಡ್ಡ ಬಿಲ್ಲು ತಂದರೆ ಕಂಪನಿ ಕೈಚೆಲ್ಲುತ್ತದೆಯೇ ಎಂಬ ಆತಂಕ ಇನ್ನೊಂದು ಕಡೆ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಪಾಲಿಸಿ ಓದುಗ

ತಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಘಟನೆ ನಡೆದಿದೆ ಎಂದು ಕಂಪನಿಗೆ ತಿಳಿಸುವುದು ಒಂದು. ಅದಕ್ಕಾಗಿ ಹಣ ಕೊಡಿ ಎಂದು ಕೇಳುವುದು ಮತ್ತೊಂದು. ಬೋನಸ್ಸಿಗೆ ಕುತ್ತು ಬರುವುದು ಹಣ ಕೇಳುವುದರಿಂದ. ಮೊದಲನೆಯದು ಕಾನೂನಿಗೂ ಪಾಲಿಸಿಯ ಷರತ್ತಿಗೂ ಸೇರಿದ ವಿಷಯ, ಎರಡನೆಯದು ಕೇವಲ ಲೆಕ್ಕಾಚಾರ. ಎರಡನ್ನೂ ಒಂದೇ ಎಂದುಕೊಂಡು ಭಯದಿಂದ ಬಾಯಿ ಮುಚ್ಚಿಕೊಳ್ಳುವವರೇ ಹೆಚ್ಚು.

ಕಾನೂನನ್ನೇ ಮೊದಲು ನೋಡೋಣ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಅಪಘಾತವಾದಾಗ ಚಾಲಕನ ಕರ್ತವ್ಯಗಳೇನು ಎಂಬುದನ್ನು ಹೇಳುತ್ತದೆ. ಅದು ಯಾರಿಗಾದರೂ ಗಾಯವಾದಾಗ ಮಾತ್ರ ಅನ್ವಯಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಮೂರನೆಯ ವ್ಯಕ್ತಿಯ ಆಸ್ತಿಗೆ ಹಾನಿಯಾದಾಗಲೂ ಅದು ಅನ್ವಯಿಸುತ್ತದೆ, ಮತ್ತು ಎದುರಿನ ಕಾರಿನ ಬಂಪರ್ ಅಂಥ ಆಸ್ತಿಯೇ. ಅದೇ ಕಲಮಿನ (ಸಿ) ಭಾಗದ ಪ್ರಕಾರ ಚಾಲಕನು ತನ್ನ ವಿಮಾ ಕಂಪನಿಗೆ ಲಿಖಿತವಾಗಿ ಮಾಹಿತಿ ಕೊಡಬೇಕು: ಪಾಲಿಸಿ ಸಂಖ್ಯೆ ಮತ್ತು ಅದರ ಅವಧಿ, ಅಪಘಾತದ ದಿನಾಂಕ, ಸಮಯ ಮತ್ತು ಸ್ಥಳ, ಗಾಯಗೊಂಡವರಿದ್ದರೆ ಅವರ ವಿವರ, ಚಾಲಕನ ಹೆಸರು ಹಾಗೂ ಲೈಸೆನ್ಸಿನ ವಿವರ. ಗೀರು ಚಿಕ್ಕದಾದರೆ ಬೇಡ ಎಂಬ ರಿಯಾಯಿತಿ ಅಲ್ಲಿ ಇಲ್ಲ.

ಪಾಲಿಸಿಯ ಷರತ್ತುಗಳಲ್ಲಿ ಮೊದಲನೆಯದೂ ಇದೇ ದಿಕ್ಕಿನಲ್ಲಿದೆ. ಕ್ಲೇಮಿಗೆ ಕಾರಣವಾಗುವ ಹಾನಿ ಸಂಭವಿಸಿದ ಕೂಡಲೇ ಕಂಪನಿಗೆ ಬರಹದಲ್ಲಿ ತಿಳಿಸಬೇಕು, ಇತರರು ಪರಿಹಾರ ಕೇಳಿ ಕಳುಹಿಸಿದ ಪತ್ರ ಅಥವಾ ನೋಟಿಸು ಬಂದರೆ ಅದನ್ನೂ ತಡಮಾಡದೆ ಮುಂದಕ್ಕೆ ಕಳುಹಿಸಬೇಕು. ತಾವು ತಮ್ಮ ಕಾರಿಗೆ ಒಂದು ಪೈಸೆಯನ್ನೂ ಕೇಳದೆ ಇರಬಹುದು. ಆದರೆ ಕ್ಲೇಮು ಮಾಡಬಲ್ಲವರು ಇನ್ನೊಬ್ಬರಿದ್ದಾರೆ, ಅವರ ಮನಸ್ಸು ತಮ್ಮ ಹಿಡಿತದಲ್ಲಿಲ್ಲ. ಆದ್ದರಿಂದ ತಾವು ತಿಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕಿಗ

ಮೇಲಿನ ವಿಂಗಡಣೆಯನ್ನು ಒಪ್ಪುತ್ತೇನೆ. ಎರಡನೆಯ ಪ್ರಶ್ನೆಯ ಲೆಕ್ಕವನ್ನು ಬಿಡಿಸಿ ಇಡುತ್ತೇನೆ, ಏಕೆಂದರೆ ಬೋನಸ್ ಹೋದರೆ ಒಂದು ವರ್ಷದ ನಷ್ಟವಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ.

ಭಾರತದಲ್ಲಿ ಈ ಬೋನಸ್ ಸ್ವಂತ ಹಾನಿಯ ಪ್ರೀಮಿಯಮ್ಮಿಗೆ ಮಾತ್ರ ಅನ್ವಯಿಸುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಅದರಿಂದ ಏನೂ ಇಳಿಯುವುದಿಲ್ಲ. ಕ್ಲೇಮಿಲ್ಲದ ಮೊದಲ ವರ್ಷದ ನಂತರ ಶೇ 20, ಆಮೇಲೆ 25, 35, 45, ಐದು ವರ್ಷಗಳ ನಂತರ 50, ಅಲ್ಲಿಗೆ ಗರಿಷ್ಠ. ಒಂದು ಕ್ಲೇಮು ಮಾಡಿದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಇಳಿದು, ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು.

ರಿಯಾಯಿತಿಯಿಲ್ಲದ ಪೂರ್ಣ ಪ್ರೀಮಿಯಮ್ಮನ್ನು 100 ಎಂದಿಟ್ಟುಕೊಳ್ಳೋಣ. ಶೇ 50 ಬೋನಸ್ ಇರುವವರು ಕ್ಲೇಮು ಮಾಡದಿದ್ದರೆ ಪ್ರತಿ ವರ್ಷ 50 ಕಟ್ಟುತ್ತಾರೆ. ಮಾಡಿದರೆ ಕ್ರಮವಾಗಿ 100, 80, 75, 65, 55 ಕಟ್ಟಿ, ಆರನೆಯ ವರ್ಷ ಮತ್ತೆ 50ಕ್ಕೆ ಬರುತ್ತಾರೆ. ಹೆಚ್ಚುವರಿಯಾಗಿ ಕಟ್ಟಿದ್ದು 50, 30, 25, 15, 5; ಒಟ್ಟು 125. ಅಂದರೆ ಒಂದು ಪೂರ್ಣ ವರ್ಷದ ಪ್ರೀಮಿಯಮ್ಮಿಗಿಂತ ಕಾಲು ಭಾಗ ಹೆಚ್ಚು. ಈಗ ಶೇ 20ರಲ್ಲಿರುವವರಿಗೆ ಇದೇ ಲೆಕ್ಕ ಹಾಕಿದರೆ ನಷ್ಟ 80, ಇನ್ನೂ ಬೋನಸ್ಸನ್ನೇ ಕಾಣದ ಹೊಸ ಕಾರಿನವರಿಗೆ 50. ಕಾರು ಹಳೆಯದಾದಂತೆ ಅದರ ಘೋಷಿತ ಮೌಲ್ಯ ಇಳಿದು ಪ್ರೀಮಿಯಮ್ಮೂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ಇನ್ನು ಬರುವ ಹಣದ ಕಡೆ. ಜೀರೋ ಡೆಪ್ (ಸವಕಳಿ ಕಳೆಯದೆ ಭಾಗಗಳ ಬೆಲೆ ಕೊಡುವ ಹೆಚ್ಚುವರಿ ರಕ್ಷಣೆ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ, ಕಾರು ಕಳೆದ ತಿಂಗಳಷ್ಟೇ ಕೊಂಡದ್ದಾದರೂ ಸರಿ. ಬಂಪರ್ ಪ್ಲಾಸ್ಟಿಕ್ಕಿನದು. ಬಣ್ಣ ಹಚ್ಚುವ ಖರ್ಚಿನಲ್ಲಿ ಸಾಮಗ್ರಿಯ ಬೆಲೆಗೆ ಶೇ 50 ಕಡಿತ; ಬಿಲ್ಲಿನಲ್ಲಿ ಸಾಮಗ್ರಿ ಮತ್ತು ಕೂಲಿ ಬಿಡಿಯಾಗಿ ಇಲ್ಲದಿದ್ದರೆ ಒಟ್ಟು ಬಣ್ಣದ ಖರ್ಚಿನ ಕಾಲು ಭಾಗವನ್ನು ಸಾಮಗ್ರಿ ಎಂದು ಎಣಿಸುತ್ತಾರೆ. ಇದೆಲ್ಲ ಕಳೆದ ಮೇಲೆ ಪ್ರತಿ ಕ್ಲೇಮಿಗೂ ಮಾಲೀಕ ಹೊರಲೇಬೇಕಾದ ಕಡ್ಡಾಯ ಪಾಲು ಬೇರೆ, ಮತ್ತು ಪ್ರೀಮಿಯಂ ಕಡಿಮೆಯಾಗಲೆಂದು ಸ್ವಇಚ್ಛೆಯಿಂದ ಹೆಚ್ಚಿನ ಪಾಲನ್ನು ಒಪ್ಪಿಕೊಂಡಿದ್ದರೆ ಅದೂ ಬೇರೆ. ಬಂಪರಿಗೆ ಬಣ್ಣ ಹಚ್ಚುವುದಷ್ಟೇ ಕೆಲಸವಾದರೆ, ಶೇ 50 ಬೋನಸ್ ಇರುವ ತಮಗೆ ಸ್ವಂತ ಹಾನಿಯ ಕ್ಲೇಮಿನಿಂದ ಲಾಭವಾಗುವ ಸಾಧ್ಯತೆ ತೀರ ಕಡಿಮೆ. ಪಾಲಿಸಿಯಲ್ಲಿ ಬೋನಸ್ ರಕ್ಷಣೆಯ ಹೆಚ್ಚುವರಿ ಷರತ್ತು ಕೊಂಡಿದ್ದರೆ ಈ ಲೆಕ್ಕ ಪೂರಾ ಬದಲಾಗುತ್ತದೆ. ಅದನ್ನು ಮೊದಲು ತೆರೆದು ನೋಡಿ.

ದೂರ ಪ್ರಯಾಣ

ನನ್ನ ಅಭಿಪ್ರಾಯ ಬೇರೆ. ಬಂಪರಿಗೆ ಬಂಪರ್ ಸವರಿದ ಪ್ರತಿ ಸಲವೂ ಕಂಪನಿಗೆ ಪತ್ರ ಬರೆಯುವವರು ಯಾರೂ ಇಲ್ಲ. ಮೇಲೆ ಹೇಳಿದ 134ನೇ ಕಲಮನ್ನೇ ಅಕ್ಷರಶಃ ಪಾಲಿಸುವುದಾದರೆ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಲ್ಲಿ 24 ಗಂಟೆಯೊಳಗೆ ಹತ್ತಿರದ ಠಾಣೆಗೂ ಹೋಗಿ ಹೇಳಬೇಕು. ಒಂದು ಗೀರಿಗಾಗಿ ಯಾರು ಹೋಗುತ್ತಾರೆ? ಹೋದರೂ ಠಾಣೆಯಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ? ಇಬ್ಬರು ವಿವೇಕವುಳ್ಳ ಮನುಷ್ಯರು ನಿಂತು ಮಾತನಾಡಿ, ತಪ್ಪು ಯಾರದೋ ಅವರು ಖರ್ಚು ಕೊಟ್ಟು ಮುಗಿಸಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಕಂಪನಿಗೆ ತಿಳಿಸಿದೊಡನೆ ಅವರು ಕ್ಲೇಮ್ ಸಂಖ್ಯೆ ತೆರೆದುಬಿಡುತ್ತಾರೆ, ಆಮೇಲೆ ಅದನ್ನು ಮುಚ್ಚಿಸಲು ಓಡಾಡಬೇಕು. ಸುಮ್ಮನಿದ್ದವರಿಗೆ ಈ ತೊಂದರೆ ಇಲ್ಲ.

ತಗಡುಕೆಲಸ

ನಾನು ಬಾಡಿ ರಿಪೇರಿ ಕೆಲಸದವನು. ಕಾನೂನಿನ ವಿಷಯ ಬಲ್ಲವರು ಹೇಳಲಿ. ಆದರೆ ಸಣ್ಣ ಡಿಕ್ಕಿ ಎಂದು ಹೊರಗಿನಿಂದ ನೋಡಿ ತೀರ್ಮಾನಿಸುವುದು ಸರಿಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ನಮಗೆ ಕಣ್ಣಿಗೆ ಕಾಣುವುದು ಬಂಪರಿನ ಹೊದಿಕೆ ಮಾತ್ರ. ಬಾಗುವ ಪ್ಲಾಸ್ಟಿಕ್ಕಾದ್ದರಿಂದ ಅದು ಪೆಟ್ಟು ತಿಂದು ಒಳಕ್ಕೆ ಹೋಗಿ, ಮತ್ತೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಅದರ ಹಿಂದೆ ಅನೇಕ ಕಾರುಗಳಲ್ಲಿ ಪೆಟ್ಟು ಹೀರುವ ಫೋಮ್, ಅದರ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಅಡ್ಡಪಟ್ಟಿ, ಆ ಪಟ್ಟಿಯನ್ನು ಚಾಸಿಗೆ ಸೇರಿಸುವ ಜಾಗದಲ್ಲಿ ಪೆಟ್ಟಿಗೆ ತಾವೇ ಮುದುಡಿಕೊಳ್ಳುವಂತೆ ಮಾಡಿದ ಡಬ್ಬಿಗಳು ಇರುತ್ತವೆ. ಅವು ಒಂದು ಸಲ ಮುದುಡಿದರೆ ಮತ್ತೆ ಎದ್ದು ನಿಲ್ಲುವುದಿಲ್ಲ. ಎರಡನೆಯ ಅಪಘಾತದಲ್ಲಿ ಅವುಗಳಿಂದ ರಕ್ಷಣೆ ಸಿಗುವುದಿಲ್ಲ. ಬಂಪರಿನ ಬಗೆಗಿನ ವಿಶ್ವಸಂಸ್ಥೆಯ 42ನೇ ನಿಯಮಾವಳಿಯಲ್ಲಿ ನೇರ ಪೆಟ್ಟಿನ ಪರೀಕ್ಷೆಯ ವೇಗ ಗಂಟೆಗೆ 4 ಕಿಲೋಮೀಟರ್. ಮನುಷ್ಯ ಬಿರುಸಾಗಿ ನಡೆಯುವ ವೇಗವೇ ಅದಕ್ಕಿಂತ ಹೆಚ್ಚು. ಆದ್ದರಿಂದ ನಡೆಯುವಷ್ಟೇ ವೇಗವಿತ್ತು ಎಂಬ ಮಾತಿನ ಮೇಲೆ ಏನೂ ಆಗಿಲ್ಲ ಎಂದು ಹೇಳಲಾಗದು.

ಮುಂದಿನ ಪೆಟ್ಟಾದ್ದರಿಂದ ಬಂಪರ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿದೆಯೇ ನೋಡಿ. ಬಾನೆಟ್ ಎತ್ತಿ ಮುಚ್ಚಿದಾಗ ಎಲ್ಲಾದರೂ ಹಿಡಿಯುತ್ತದೆಯೇ, ಹೆಡ್‌ಲೈಟ್ ಅಲುಗಾಡುತ್ತದೆಯೇ ನೋಡಿ. ಅದರ ಪ್ಲಾಸ್ಟಿಕ್ ಕಿವಿ ಮುರಿದಿದ್ದರೆ ಇಡೀ ದೀಪವನ್ನೇ ಬದಲಿಸಬೇಕಾಗಿ ಬರಬಹುದು. ಎಸಿಯ ಕಂಡೆನ್ಸರ್ ರೇಡಿಯೇಟರಿಗಿಂತ ಮುಂದೆ ಇರುತ್ತದೆ. ಅದಕ್ಕೆ ಸಣ್ಣ ಏಟು ಬಿದ್ದು ಅನಿಲ ನಿಧಾನವಾಗಿ ಸೋರಿ, ಎಸಿ ತಣ್ಣಗಾಗುತ್ತಿಲ್ಲವೆಂದು ಆಮೇಲೆ ಬರುವವರಿದ್ದಾರೆ.

ಈಗಿನ ಕಾರುಗಳಲ್ಲಿ ಇನ್ನೂ ಒಂದು ಸಂಗತಿಯಿದೆ. ಹಿಂದಿನ ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರ್‌ಗಳು, ಕೆಲವು ಕಾರುಗಳಲ್ಲಿ ಅದರ ಮೂಲೆಗಳ ಒಳಗೆ ಪಕ್ಕದ ವಾಹನಗಳನ್ನು ಗಮನಿಸುವ ರೇಡಾರ್ ಇರುತ್ತವೆ. ಹೊದಿಕೆ ಸರಿಯಾಗಿ ಕಂಡರೂ ಒಳಗಿನ ಬ್ರ್ಯಾಕೆಟ್ ಕೊಂಚ ತಿರುಗಿದ್ದರೆ ರೇಡಾರಿನ ದಿಕ್ಕು ತಪ್ಪುತ್ತದೆ. ರೇಡಾರಿನ ಮುಂದೆ ಪುಟ್ಟಿ ಮೆತ್ತಿ, ಬಣ್ಣವನ್ನು ದಪ್ಪಗೆ ಹೊಡೆದರೂ ಅದರ ಕೆಲಸಕ್ಕೆ ಅಡ್ಡಿಯಾಗಬಹುದು. ಹಾಗಾಗಿ ಎದುರಿನ ಕಾರಿನವರ ಗೀರಿನ ಬೆಲೆಯನ್ನು ಕೇವಲ ಬಣ್ಣದ ಬೆಲೆಯೆಂದು ಎಣಿಸಬೇಡಿ. ಹಣದ ವಿಷಯ ತೀರ್ಮಾನಿಸುವ ಮೊದಲು ಎರಡೂ ಕಾರುಗಳ ಬಂಪರ್ ಬಿಚ್ಚಿಸಿ, ಒಳಗಿನ ಫೋಟೊ ತೆಗೆಸಿ.

ಹೊರನಾಡು

ಬ್ರಿಟನ್ನಿನಲ್ಲಿ ವಾಸಿಸುವ ಓದುಗರಿಗಾಗಿ ಅಲ್ಲಿನ ಪರಿಸ್ಥಿತಿಯನ್ನು ಸೇರಿಸುತ್ತೇನೆ, ಏಕೆಂದರೆ ಸುಮ್ಮನಿದ್ದವರಿಗೆ ತೊಂದರೆ ಇಲ್ಲ ಎಂಬ ಮಾತನ್ನು ಅಲ್ಲಿ ನಂಬಿ ನಡೆದರೆ ಬಹಳ ಕಷ್ಟಕ್ಕೆ ಸಿಲುಕಬೇಕಾಗುತ್ತದೆ.

ಅಲ್ಲಿನ 1988ರ ರೋಡ್ ಟ್ರಾಫಿಕ್ ಕಾಯ್ದೆಯ 170ನೇ ಕಲಮಿನ ಪ್ರಕಾರ ಇತರರ ವಾಹನಕ್ಕೆ ಹಾನಿಯಾದರೆ ನಿಲ್ಲಿಸಿ ಹೆಸರು, ವಿಳಾಸ, ವಾಹನದ ನೋಂದಣಿ ಸಂಖ್ಯೆ ಕೊಡಬೇಕು. ಹಾಗೆ ಕೊಡಲಾಗದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡಬೇಕು. ಅದು ಪೊಲೀಸರ ಕಡೆಯ ಮಾತು. ವಿಮೆಯ ಕಡೆಯಲ್ಲಿ, ಅಲ್ಲಿನ ಬಹುತೇಕ ಪಾಲಿಸಿಗಳು ಕ್ಲೇಮು ಮಾಡಲಿ ಬಿಡಲಿ, ತಪ್ಪು ಯಾರದೇ ಇರಲಿ, ಪ್ರತಿ ಘಟನೆಯನ್ನೂ ತಿಳಿಸಬೇಕೆಂದು ಬಯಸುತ್ತವೆ. ಹೊಸ ಪಾಲಿಸಿ ಕೊಳ್ಳುವಾಗಲೂ ಹಿಂದಿನ ಕೆಲವು ವರ್ಷಗಳ ಘಟನೆಗಳ ಬಗ್ಗೆ ಪ್ರಶ್ನೆ ಇರುತ್ತದೆ. ತಿಳಿಸಿದ ಘಟನೆಗಳು ಕ್ಯೂ ಎಂದು ಕರೆಯುವ, ಕಂಪನಿಗಳೆಲ್ಲ ಹಂಚಿಕೊಳ್ಳುವ ದಾಖಲೆಯಲ್ಲಿ ಸೇರುತ್ತವೆ. ಎದುರಿನವರು ತಮ್ಮ ಕಂಪನಿಗೆ ಹೇಳಿ, ನೀವು ನಿಮ್ಮ ಕಂಪನಿಗೆ ಹೇಳದೆ ಇದ್ದರೆ ಅದು ಅಲ್ಲಿಯೇ ಬಯಲಾಗುತ್ತದೆ. ಗ್ರಾಹಕರು ವಿಮೆ ಕೊಳ್ಳುವಾಗ ಕೊಡುವ ಮಾಹಿತಿಯ ಬಗೆಗಿನ 2012ರ ಕಾಯ್ದೆಯು ಅಜಾಗರೂಕತೆಯಿಂದ ತಪ್ಪು ಹೇಳಿದ್ದಕ್ಕೂ ಉದ್ದೇಶಪೂರ್ವಕವಾಗಿ ಹೇಳಿದ್ದಕ್ಕೂ ವ್ಯತ್ಯಾಸ ಮಾಡುತ್ತದೆ; ಉದ್ದೇಶಪೂರ್ವಕವಾದದ್ದಾದರೆ ಕಂಪನಿ ಪಾಲಿಸಿಯನ್ನೇ ಮೊದಲಿನಿಂದ ರದ್ದು ಮಾಡಬಹುದು.

ಒಂದು ಮಾತನ್ನು ಮುಚ್ಚಿಡಬಾರದು: ಬ್ರಿಟನ್ನಿನಲ್ಲಿ ಕೇವಲ ಮಾಹಿತಿಗಾಗಿ ತಿಳಿಸಿದ ಘಟನೆಯಿಂದಲೂ ಮುಂದಿನ ವರ್ಷದ ಪ್ರೀಮಿಯಂ ಏರುವುದುಂಟು. ಪ್ರಾಮಾಣಿಕರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ, ನನಗೂ ಹಾಗೆಯೇ ಅನಿಸುತ್ತದೆ. ಆದರೂ ಗಾಯದ ಪರಿಹಾರವನ್ನು ಅಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಕೇಳಬಹುದು, ಮತ್ತು ಹಿಂದಿನಿಂದ ಗುದ್ದಿಸಿಕೊಂಡವರ ಕತ್ತಿನ ನೋವು ಘಟನೆಯ ಮಾರನೆಯ ದಿನವೋ ಅದರಾಚೆಯೋ ಕಾಣಿಸಿಕೊಳ್ಳುವುದು ವೈದ್ಯರಿಗೆ ತಿಳಿದ ಸಂಗತಿ. ಆ ದಿನ ಯಾರಿಗೂ ಏನೂ ಆಗಿರಲಿಲ್ಲ ಎನ್ನಲು ತಮ್ಮ ನೆನಪೊಂದೇ ಆಧಾರವಾದರೆ ಸಾಲದು.

ಜರ್ಮನಿಯಲ್ಲಿ ಇರುವವರು ನಿಂತ ಕಾರಿಗೆ ತಾಗಿಸಿ, ಗಾಜಿನ ಮೇಲೆ ಚೀಟಿ ಸಿಕ್ಕಿಸಿ ಹೊರಟು ಹೋಗಬಾರದು. ಅಲ್ಲಿನ ದಂಡ ಸಂಹಿತೆಯ 142ನೇ ಕಲಮಿನಡಿ ಅದು ಅಪರಾಧವಾಗಬಹುದು, ಚೀಟಿ ಸಾಲದು.

ನಿಧಾನಗತಿ

ಎಲ್ಲರಿಗೂ ಧನ್ಯವಾದಗಳು. ಆ ಕಾರಿನವರು ಫೋನ್ ಮಾಡಿದ್ದರು. ಕಂಪನಿ, ಕಾಗದಪತ್ರ ಯಾವುದೂ ಬೇಡ, ಗ್ಯಾರೇಜಿನವರು ಹೇಳಿದ ಮೊತ್ತವನ್ನು ನಗದಾಗಿ ಕೊಟ್ಟುಬಿಡಿ, ಇಲ್ಲಿಗೆ ಮುಗಿಸೋಣ ಎನ್ನುತ್ತಾರೆ. ಸೌಜನ್ಯದಿಂದಲೇ ಮಾತನಾಡಿದರು, ಮೊತ್ತವೂ ಅತಿಯೆನಿಸಲಿಲ್ಲ. ಕೊಟ್ಟುಬಿಡಬಹುದೇ?

ಪಾಲಿಸಿ ಓದುಗ

ಕೊಡುವ ಮುನ್ನ ಪಾಲಿಸಿಯ ಎರಡನೆಯ ಷರತ್ತನ್ನು ಓದಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆ ಮಾಡಿಸಿದವರು ತಪ್ಪು ಒಪ್ಪಿಕೊಳ್ಳಬಾರದು, ಕೊಡುತ್ತೇನೆಂದು ಮಾತು ಕೊಡಬಾರದು, ಹಣವನ್ನೂ ಕೊಡಬಾರದು ಎಂದು ಅಲ್ಲಿ ಇರುತ್ತದೆ. ತಮ್ಮ ಜೇಬಿನ ಹಣ ಕೊಡಲು ಅವರ ಅಪ್ಪಣೆ ಏಕೆ ಎಂದು ಕೋಪ ಬರುವುದು ಸಹಜ. ಕಾರಣ ಇದು: ಇಂದು ಹಣ ಕೊಟ್ಟದ್ದನ್ನೇ ತಪ್ಪೊಪ್ಪಿಗೆಯ ಸಾಕ್ಷಿಯಾಗಿ ಹಿಡಿದು ನಾಳೆ ಗಾಯದ ಪರಿಹಾರ ಕೇಳಿದರೆ, ನ್ಯಾಯಾಧಿಕರಣದಲ್ಲಿ ವಾದಿಸಬೇಕಾದವರೂ, ತೀರ್ಪಿನಂತೆ ಹಣ ತುಂಬಬೇಕಾದವರೂ ಕಂಪನಿಯವರು. ಅವರ ಕೈಕಟ್ಟಿ ಹಾಕಿದ ಮೇಲೆ ಬಂದು ರಕ್ಷಿಸಿ ಎಂದರೆ ಅವರು ಷರತ್ತನ್ನು ಎತ್ತಿ ತೋರಿಸುತ್ತಾರೆ.

ಹಾಗೆಂದು ಮಾತುಕತೆಯಿಂದ ಮುಗಿಸುವ ದಾರಿಯೇ ಮುಚ್ಚಿಲ್ಲ. ಘಟನೆಯ ವಿವರವನ್ನು ಕಂಪನಿಗೆ ಇ-ಮೇಲ್ ಮಾಡಿ, ಎದುರಿನವರ ಕಾರಿನ ರಿಪೇರಿ ಖರ್ಚನ್ನು ನಾನೇ ಭರಿಸಲು ಇಚ್ಛಿಸುತ್ತೇನೆ, ತಮ್ಮ ಒಪ್ಪಿಗೆಯನ್ನು ಬರಹದಲ್ಲಿ ತಿಳಿಸಿ ಎಂದು ಕೇಳಿ. ಒಪ್ಪಿಗೆ ಬಂದ ಮೇಲೆ ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕಳುಹಿಸಿ. ಎರಡೂ ವಾಹನಗಳ ನೋಂದಣಿ ಸಂಖ್ಯೆ, ದಿನಾಂಕ, ಸ್ಥಳ, ಯಾವ ಭಾಗಕ್ಕೆ ಏನಾಯಿತು, ಈ ಮೊತ್ತವು ವಾಹನದ ಹಾನಿಗೆ ಪೂರ್ಣ ಮತ್ತು ಅಂತಿಮ ಎಂಬ ಮಾತು, ಇಬ್ಬರ ಸಹಿ, ಇಷ್ಟಿರುವ ಒಂದು ಪುಟದ ಪತ್ರ ಮಾಡಿಕೊಳ್ಳಿ. ಆ ಪತ್ರ ಕಾರಿನ ಹಾನಿಯ ಮಟ್ಟಿಗೆ ಮಾತ್ರ ನಿಲ್ಲುತ್ತದೆ ಎಂಬುದು ನೆನಪಿರಲಿ. ಅವರ ಕಾರಿನಲ್ಲಿ ಬೇರೆ ಯಾರಾದರೂ ಕುಳಿತಿದ್ದರೆ ಅವರ ಪರವಾಗಿ ಸಹಿ ಹಾಕುವ ಅಧಿಕಾರ ಆ ಮಾಲೀಕರಿಗಿಲ್ಲ.

ಕಾಗದಪತ್ರ ಬೇಡ ಎಂದು ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ಅವರ ಗ್ಯಾರೇಜಿನವರು ನಾಳೆ ಬಂಪರ್ ಬಿಚ್ಚಿ ಒಳಗಿನ ಪಟ್ಟಿ ಬಾಗಿದೆ ಎಂದರೆ, ಕಾಗದವಿಲ್ಲದ ಸೌಜನ್ಯ ಎಷ್ಟು ದಿನ ಉಳಿದೀತು?

ದೂರ ಪ್ರಯಾಣ

ತಗಡುಕೆಲಸ ಅವರು ರೇಡಾರಿನ ಬಗ್ಗೆ ಬರೆದದ್ದು ನನಗೆ ತಿಳಿದಿರಲಿಲ್ಲ, ಗಾಯದ ಮಾತೂ ಯೋಚಿಸಬೇಕಾದದ್ದೇ. ಇನ್ನೊಬ್ಬರ ವಾಹನ ಸೇರಿಕೊಂಡಾಗ ತಿಳಿಸುವುದು ಲೇಸು ಎಂದು ಒಪ್ಪುತ್ತೇನೆ. ಆದರೆ ನಮ್ಮದೇ ಗೇಟಿಗೆ, ನಮ್ಮದೇ ಕಂಬಕ್ಕೆ ಕಾರು ಸವರಿ, ರಿಪೇರಿಯನ್ನೂ ಕೈಯಿಂದಲೇ ಮಾಡಿಸುವುದಾದರೆ ಅದನ್ನೂ ತಿಳಿಸಬೇಕು ಎಂದರೆ ಒಪ್ಪಲಾರೆ.

ಲೆಕ್ಕಿಗ

ಭಾರತದ ಪಾಲಿಸಿಯ ಮಟ್ಟಿಗೆ ತಮ್ಮ ಮಾತು ಸರಿಯೆಂದೇ ನನಗೂ ತೋರುತ್ತದೆ. ಅಲ್ಲಿ ಮೂರನೆಯ ವ್ಯಕ್ತಿ ಇಲ್ಲ, ಕ್ಲೇಮೂ ಇಲ್ಲ. ಒಂದೇ ಎಚ್ಚರಿಕೆ: ಹಾಗೆ ಕೂಡಿಟ್ಟ ಹಳೆಯ ಗೀರುಗಳನ್ನೆಲ್ಲ ಮುಂದೊಂದು ದಿನ ದೊಡ್ಡ ಪೆಟ್ಟು ಬಿದ್ದಾಗ ಅದರ ಜೊತೆಗೆ ಸೇರಿಸಿ ಕೇಳಬೇಡಿ. ಬೇರೆ ಬೇರೆ ಘಟನೆಗಳು ಬೇರೆ ಬೇರೆ ಕ್ಲೇಮುಗಳು, ಪ್ರತಿಯೊಂದಕ್ಕೂ ಕಡ್ಡಾಯ ಪಾಲು ಬೇರೆ. ಒಂದೇ ಘಟನೆಯೆಂದು ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ. ತುಕ್ಕು ಹಿಡಿದ ಗೀರನ್ನೂ ಹೊಸ ಗೀರನ್ನೂ ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್ ನೋಡಿದ ಕೂಡಲೇ ಗುರುತಿಸುತ್ತಾರೆ.

ನವೀಕರಣದ ಬಗ್ಗೆಯೂ ಒಂದು ಮಾತು. ಕಂಪನಿ ಬದಲಿಸುವವರು ಹಿಂದಿನ ವರ್ಷ ಕ್ಲೇಮು ಮಾಡಿಲ್ಲ ಎಂದು ಸಹಿ ಹಾಕಿ ಬೋನಸ್ ಪಡೆಯುತ್ತಾರೆ. ಆ ಹೇಳಿಕೆ ಸುಳ್ಳಾದರೆ ಸ್ವಂತ ಹಾನಿಯ ಭಾಗದ ಸೌಲಭ್ಯವೆಲ್ಲ ಮುಟ್ಟುಗೋಲಾಗುತ್ತದೆ ಎಂದು ಆ ಹೇಳಿಕೆಯಲ್ಲೇ ಬರೆದಿರುತ್ತದೆ, ಮತ್ತು ಹೊಸ ಕಂಪನಿ ಹಳೆಯ ಕಂಪನಿಯಿಂದ ಅದನ್ನು ಖಚಿತಪಡಿಸಿಕೊಳ್ಳುತ್ತದೆ.

ನಿಧಾನಗತಿ

ಕಂಪನಿಗೆ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಬೋನಸ್ಸಿಗೆ ಧಕ್ಕೆ ಬಾರದಂತೆ ಹೇಗೆ ಬರೆಯಬೇಕು, ತಡವಾಯಿತೆಂದು ಆಕ್ಷೇಪಿಸುತ್ತಾರೆಯೇ ಎಂಬುದಷ್ಟೇ ಉಳಿದ ಪ್ರಶ್ನೆ.

ಪಾಲಿಸಿ ಓದುಗ

ಒಂದೆರಡು ದಿನದ ತಡಕ್ಕೆ ಹೆದರಬೇಕಿಲ್ಲ. ನೈಜವಾದ ಕ್ಲೇಮನ್ನು ಕೇವಲ ತಡವಾಗಿ ತಿಳಿಸಿದ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಕಂಪನಿಗಳಿಗೆ ಸೂಚಿಸಿದೆ. ತಡಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ, ಸಾಕು.

ಪತ್ರದಲ್ಲಿ 134ನೇ ಕಲಮು ಕೇಳುವ ವಿವರಗಳನ್ನೆಲ್ಲ ಕೊಡಿ. ಎದುರಿನ ವಾಹನದ ಸಂಖ್ಯೆ, ಅದರಲ್ಲಿ ಎಷ್ಟು ಜನರಿದ್ದರು, ಯಾರಾದರೂ ನೋವು ಎಂದು ಹೇಳಿದರೇ ಎಂಬುದನ್ನೂ ಬರೆಯಿರಿ. ನಡೆದದ್ದನ್ನು ನಡೆದಂತೆ ಬರೆಯಿರಿ: ನನ್ನ ವಾಹನದ ಮುಂಭಾಗ ಅವರ ವಾಹನದ ಹಿಂಭಾಗಕ್ಕೆ ತಗುಲಿತು ಎಂಬುದು ಘಟನೆ, ತಪ್ಪೆಲ್ಲ ನನ್ನದೇ ಎಂಬುದು ತೀರ್ಪು, ತೀರ್ಪು ಬರೆಯುವ ಕೆಲಸ ತಮ್ಮದಲ್ಲ. ಫೋಟೊಗಳನ್ನು ಲಗತ್ತಿಸಿ. ಕೊನೆಯಲ್ಲಿ ಸ್ಪಷ್ಟವಾಗಿ ಹೀಗೆ ಸೇರಿಸಿ: "ಈ ಪತ್ರವು ಘಟನೆಯ ಮಾಹಿತಿಗಾಗಿ ಮಾತ್ರ. ನನ್ನ ವಾಹನದ ಹಾನಿಗೆ ಸದ್ಯ ಯಾವುದೇ ಕ್ಲೇಮನ್ನು ಸಲ್ಲಿಸುತ್ತಿಲ್ಲ. ಮೂರನೆಯ ವ್ಯಕ್ತಿಯಿಂದ ಬೇಡಿಕೆ ಬಂದಲ್ಲಿ ಕೂಡಲೇ ತಿಳಿಸುತ್ತೇನೆ."

ಸಹಾಯವಾಣಿಗೆ ಕರೆ ಮಾಡಿದರೆ ಅವರು ಅಭ್ಯಾಸಬಲದಿಂದ ಕ್ಲೇಮ್ ಸಂಖ್ಯೆ ತೆರೆದುಬಿಡುವ ಸಂಭವ ಇದೆ, ಈ ವಿಷಯದಲ್ಲಿ ದೂರ ಪ್ರಯಾಣ ಅವರ ಎಚ್ಚರಿಕೆ ಸರಿಯಾದದ್ದೇ. ಅದಕ್ಕಾಗಿ ಫೋನಿಗಿಂತ ಇ-ಮೇಲ್ ಮೇಲು. ಸಂಖ್ಯೆ ತೆರೆದರೂ ಗಾಬರಿಯಾಗದೆ, ಹಣ ಪಾವತಿಯಿಲ್ಲದೆ ಅದನ್ನು ಮುಚ್ಚಲಾಗಿದೆ ಎಂಬ ಬರಹದ ಉತ್ತರವನ್ನು ಪಡೆದುಕೊಳ್ಳಿ. ಕ್ಲೇಮು ಬಾಕಿ ಇದೆ ಎಂದು ದಾಖಲೆಯಲ್ಲಿ ಉಳಿದರೆ ನವೀಕರಣದ ಹೊತ್ತಿಗೆ ಬೋನಸ್ ತಡೆಹಿಡಿಯಬಹುದು. ಆ ಉತ್ತರವನ್ನು ಪಾಲಿಸಿಯ ಜೊತೆಯಲ್ಲೇ ಇಟ್ಟುಕೊಳ್ಳಿ. ಹಣದ ಒಪ್ಪಿಗೆಯ ಕೋರಿಕೆಯನ್ನು ಇದೇ ಪತ್ರದಲ್ಲಿ ಬೆರೆಸದೆ ಬೇರೆಯಾಗಿ ಬರೆಯಿರಿ, ಮತ್ತು ಅದಕ್ಕೆ ಉತ್ತರ ಬರುವವರೆಗೆ ಆ ಕಾರಿನವರಿಗೆ ಇಂತಿಷ್ಟು ಕೊಡುತ್ತೇನೆಂದು ಮೊಬೈಲ್ ಸಂದೇಶದಲ್ಲಿಯೂ ಬರೆಯಬೇಡಿ. ಕಂಪನಿಗೆ ತಿಳಿಸಿದ್ದೇನೆ, ಉತ್ತರ ಬಂದ ಕೂಡಲೇ ಮಾತನಾಡುತ್ತೇನೆ ಎಂದಷ್ಟೇ ಹೇಳಿ.